ನೀರು ಬಿಟ್ಟರೆ ಗೊತ್ತಾಗುವ ನೆಲ

ನಾನು ಒಮ್ಮೆಯೂ ಗಾಲ್ಫ್ ಆಡಿಲ್ಲ. ಶಹಾಪುರದ ಕಡೆ ಬೆಳೆದ ನನ್ನಂಥವನಿಗೆ ಅದು ಟೀವಿಯ ಚಾನೆಲ್ ಬದಲಿಸುವಾಗ ಅಡ್ಡ ಬರುವ ಒಂದು ಹಸಿರು, ಅಷ್ಟೆ. ಹಾಗಿದ್ದೂ ವರ್ಷದಿಂದ ಈಚೆಗೆ, ಗಾಲ್ಫ್ ಮೈದಾನವನ್ನು ಹೇಗೆ ಕಟ್ಟುತ್ತಾರೆ ಎಂಬುದರ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಹುಚ್ಚು ಹಿಡಿಸಿದ್ದು ನಮ್ಮ ಕಾಕಾ.

ಕಾಕಾ ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ದುಡಿಯಲು ಹೋದವನು. ಮೊದಲು ಕಟ್ಟಡದ ಕೆಲಸ, ಆಮೇಲೆ ಊರ ಹೊರಗಿನ ಒಂದು ಗಾಲ್ಫ್ ಮೈದಾನದಲ್ಲಿ ಆರು ವರ್ಷ ಹುಲ್ಲು ನೋಡಿಕೊಳ್ಳುವ ಕೆಲಸ. ಒಮ್ಮೆ ಸುಗ್ಗಿಗೆ ಬಂದಾಗ ಹೊಲದ ಬದುವಿನ ಮೇಲೆ ಕೂತು ಅಂದ: “ಅಲ್ಲಿ ನೆಲಾನೇ ಸುಳ್ಳು ಹೇಳ್ತದ ನೋಡಪಾ. ಕಣ್ಣಿಗಿ ಸಪಾಟ ಕಾಣ್ತದ. ನೀರು ಬಿಟ್ರ ಗೊತ್ತಾಗ್ತದ.”

ನೆಲ ಸುಳ್ಳು ಹೇಳುವುದು ಎಂದರೇನು ಎಂದು ಹುಡುಕುತ್ತ ಹೊರಟಾಗ ಸಿಕ್ಕವನು ಅಲಿಸ್ಟರ್ ಮೆಕೆಂಝಿ. 1920ರಲ್ಲಿ ಅವನು ಬರೆದ ‘ಗಾಲ್ಫ್ ಆರ್ಕಿಟೆಕ್ಚರ್’ ಸಣ್ಣ ಪುಸ್ತಕ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಮೆಕೆಂಝಿ ವೃತ್ತಿಯಿಂದ ಡಾಕ್ಟರ್. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಜೊತೆಗಿದ್ದ. ಎದುರಾಳಿಗಳಾದ ಬೋಯರರು ತಮ್ಮ ಕಂದಕಗಳನ್ನು ನೆಲದ ಏರಿಳಿತದೊಳಗೇ ಅಡಗಿಸಿ, ಎಲ್ಲಿದ್ದಾರೆಂದು ತಿಳಿಯದಂತೆ ಮಾಡುತ್ತಿದ್ದುದನ್ನು ಕಂಡ. ಆ ವಿದ್ಯೆಯನ್ನೇ ಮುಂದೆ ಮೈದಾನಕ್ಕೆ ತಂದ. ಮನುಷ್ಯ ಮಾಡಿದ ದಿಬ್ಬ, ಮರಳುಗುಂಡಿಗಳು ಪ್ರಕೃತಿಯೇ ಮಾಡಿಟ್ಟಂತೆ ಕಾಣಬೇಕು ಎನ್ನುವುದು ಅವನ ಹದಿಮೂರು ಸೂತ್ರಗಳಲ್ಲಿ ಒಂದು. ಅಮೆರಿಕದ ಸೈಪ್ರೆಸ್ ಪಾಯಿಂಟ್, ಬಾಬಿ ಜೋನ್ಸ್ ಜೊತೆ ಸೇರಿ ರೂಪಿಸಿದ ಅಗಸ್ಟಾ, ಎಲ್ಲವೂ ಈ ತತ್ವದ ಕೂಸುಗಳು.

‘ಬೋಯರ್’ ಎಂದರೆ ಡಚ್ ಭಾಷೆಯಲ್ಲಿ ರೈತ ಎಂದೇ ಅರ್ಥ. (ಆ ರೈತರೂ ಆಫ್ರಿಕನ್ನರ ನೆಲದ ಮೇಲೆ ಕೂತವರು ಎಂಬುದು ಬೇರೆ ಮಾತು.) ನೆಲ ಬಲ್ಲ ಒಕ್ಕಲಿಗರ ವಿದ್ಯೆ ಉಳ್ಳವರ ಆಟಕ್ಕೆ ಬಂದ ಬಗೆ ಇದು.

ಪುಸ್ತಕ ನನ್ನನ್ನು ಹಿಡಿದದ್ದು ಇನ್ನೊಂದು ಸೂತ್ರದಲ್ಲಿ. ಶಕ್ತಿ ಕಡಿಮೆ ಇರುವ ಆಟಗಾರನಿಗೂ ಗುರಿ ಮುಟ್ಟಲು ಬೇರೊಂದು ದಾರಿ ಇರಬೇಕು. ಒಂದು ಹೊಡೆತ ಹೆಚ್ಚಾದರೂ ಸರಿ, ಅವನು ಸುತ್ತಿ ಬರಲಿ. ಧೈರ್ಯವಂತನಿಗೆ ನೇರ ದಾರಿ, ಅಪಾಯ ಅವನದು. ಅದಕ್ಕೂ ಹಿಂದಿನ ಒಂದು ಬಗೆಯ ಮೈದಾನಗಳು ಹಾಗಿರಲಿಲ್ಲ: ಅಡ್ಡಕ್ಕೆ ಒಂದು ಗುಂಡಿ, ದಾಟಿದರೆ ಗೆದ್ದೆ, ಇಲ್ಲದಿದ್ದರೆ ಶಿಕ್ಷೆ. ಇದನ್ನು ಓದುವಾಗ ನನಗೆ ನೆನಪಾದದ್ದು ಸುರಪುರ ಸೀಮೆಯ ಕೊಡೇಕಲ್ ಬಸವಣ್ಣ. ಅವನ ಕಾಲಜ್ಞಾನದ ಬೆಡಗು ಪಂಡಿತರಿಗೆ ಒಂದು ದಾರಿ ಕೊಡುತ್ತದೆ, ರಾತ್ರಿಯೆಲ್ಲ ಭಜನೆಗೆ ಕೂತವರಿಗೆ ಇನ್ನೊಂದು. ಯಾರನ್ನೂ ಬಾಗಿಲಲ್ಲೇ ನಿಲ್ಲಿಸುವುದಿಲ್ಲ. ನಮ್ಮ ಇತ್ತೀಚಿನ ಕೆಲವು ಕಾದಂಬರಿಗಳು ಮಾತ್ರ ಅಡ್ಡ ಗುಂಡಿ ತೋಡಿ ಓದುಗ ಬೀಳುವುದನ್ನೇ ಕಾಯುತ್ತವೆ. ಹೆಸರು ಹೇಳುವುದು ಬೇಡ.

ಒಂದು ಪುಸ್ತಕ ಕಣ್ಣನ್ನು ಬದಲಿಸಿದರೆ ಊರೂ ಬದಲಾಗಿ ಕಾಣುತ್ತದೆ. ಶಹಾಪುರದ ಬೆಟ್ಟಸಾಲು ರಸ್ತೆಯ ಒಂದು ಜಾಗದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದೆ; ನಾಲ್ಕು ಹೆಜ್ಜೆ ಆಚೆ ಹೋದರೆ ಬರೀ ಬಂಡೆ. ಚಿಕ್ಕಂದಿನಿಂದ ನೋಡಿದ್ದರೂ, ನಿಲ್ಲುವ ಜಾಗವೇ ಆಕಾರವನ್ನು ಮಾಡುತ್ತದೆ ಎಂದು ನನಗೆ ಹೊಳೆದದ್ದು ಈಗ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್‌ಗೂ ಹೋಗಿ ನಿಂತೆ. 1841ರಿಂದ ಹನ್ನೆರಡು ವರ್ಷ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಕಟ್ಟಿಸಿದ ಮನೆ ಅದು. ಎತ್ತರದಿಂದ ಕೆಳಗಿನ ಸೀಮೆ ಚಿತ್ರದಂತೆ ಹರಡಿಕೊಳ್ಳುತ್ತದೆ. ಆಳುವವನ ಕಣ್ಣಿಗೆ ನೆಲ ಸುಂದರವಾಗಿ ಕಾಣಲು ಅಷ್ಟು ದೂರ ಬೇಕಾಗುತ್ತದೇನೋ.

ಮೆಕೆಂಝಿಗೆ ನನ್ನ ತಕರಾರು ಶುರುವಾದದ್ದು ವಿಭೂತಿಹಳ್ಳಿಯಲ್ಲಿ. ಶಹಾಪುರದ ಹತ್ತಿರದ ಈ ಊರಿನ ಬಯಲಲ್ಲಿ ಬೃಹತ್ ಶಿಲಾಯುಗದ ಜನ ಗುಂಡುಕಲ್ಲುಗಳನ್ನು ಸಾಲುಸಾಲಾಗಿ, ಲೆಕ್ಕ ಹಿಡಿದು ಇಟ್ಟಿದ್ದಾರೆ. ಟೇಲರ್ ಇಂಥ ಕಲ್ಲುಗಳ ಬಗ್ಗೆ ಬರೆದ. 1956ರಲ್ಲಿ ರೇಮಂಡ್ ಆಲ್ಚಿನ್ ಈ ಭಾಗದ ಕಲ್ಲುಸಾಲುಗಳ ಬಗ್ಗೆ ಲೇಖನ ಪ್ರಕಟಿಸಿದ. ಸಾಲುಗಳಿಗೂ ಸೂರ್ಯನ ಉದಯ, ಅಸ್ತಕ್ಕೂ ಸಂಬಂಧವಿದೆ ಎಂದು ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ವಾದಿಸಿದ್ದಾರೆ. ಅರ್ಥ ಏನೇ ಇರಲಿ, ಇಲ್ಲಿ ಕೈ ಅಡಗಿಲ್ಲ. ಇದನ್ನು ನಾವು ಇಟ್ಟೆವು ಎಂದು ಪ್ರತಿ ಕಲ್ಲೂ ಹೇಳುತ್ತದೆ. ಮಾಡಿದವನ ಗುರುತು ಅಳಿಸಿದರಷ್ಟೇ ಸೌಂದರ್ಯ ಎಂಬ ಮೆಕೆಂಝಿಯ ಮಾತು ನನಗೆ ಅಲ್ಲಿ ಸಣ್ಣದಾಗಿ ಕಂಡಿತು. ಅವನ ಪುಸ್ತಕದ ಉಪಶೀರ್ಷಿಕೆಯಲ್ಲೇ ಮಿತವ್ಯಯದ ಮಾತಿದೆ, ಪುಟಪುಟದಲ್ಲಿ ಖರ್ಚು ಉಳಿಸುವ ಜಾಣತನವಿದೆ. ಆದರೆ ಬುಟ್ಟಿ ಹೊತ್ತವನ ಮುಖ ನನಗೆ ಎಲ್ಲೂ ಸಿಗಲಿಲ್ಲ. ಗುಂಡಿ ಪ್ರಕೃತಿಯದೇ ಎನಿಸಬೇಕಾದರೆ, ತೋಡಿದವನು ಇರಲೇ ಇಲ್ಲ ಎನಿಸಬೇಕು. ಕಾಕಾ ಆರು ವರ್ಷ ಮಾಡಿದ್ದು ಅದನ್ನೇ: ಆಟಗಾರರು ಬರುವ ಮುಂಚೆ, ಬೆಳಗಿನ ಜಾವವೇ ಹುಲ್ಲು ಕತ್ತರಿಸಿ ಮರೆಯಾಗುವುದು.

ಇಷ್ಟೆಲ್ಲ ಓದಿಕೊಂಡು ಮನೆಗೆ ಬಂದರೆ ನನ್ನ ತಮ್ಮ ಜೆಸಿಬಿಗೆ ಹೇಳಿಯಾಗಿತ್ತು. 1982ರಲ್ಲಿ ಮುಗಿದ ನಾರಾಯಣಪುರ ಅಣೆಕಟ್ಟಿನ ಎಡದಂಡೆ ಕಾಲುವೆ ಈ ಸೀಮೆಗೆ ನೀರು ತಂದಿತು, ನೀರು ಭತ್ತ ತಂದಿತು. ಭತ್ತಕ್ಕೆ ನೆಲ ಮಟ್ಟಸ ಇರಬೇಕು. ಜೋಳ, ಸಜ್ಜೆ ಏರಿಳಿತ ಕೇಳುವುದಿಲ್ಲ, ಭತ್ತ ಕೇಳುತ್ತದೆ. ನಮ್ಮ ಹೊಲದ ಮೂಲೆಯಲ್ಲಿ ಒಂದು ದಿನ್ನೆ ಉಳಿದಿತ್ತು. ಅರ್ಧ ಎಕರೆಯೂ ಇಲ್ಲ, ಮಸಾರಿ ಮಣ್ಣು, ಒಂದು ಜಾಲಿ ಗಿಡ. ಅದನ್ನೂ ಸವರಿಬಿಡೋಣ ಎಂದು ಅವನ ಹಟ.

ಚಂದ ಐತಿ, ಇರಲಿ ಬಿಡು ಎಂದೆ. “ಚಂದ ಉಂಡು ಹೊಟ್ಟಿ ತುಂಬ್ತದೇನಣ್ಣ?” ಎಂದ ಅವನು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾಲ ತೀರಿಸುವವನು ಅವನು, ತಿಂಗಳ ಪಗಾರದವನು ನಾನು. ಟೇಲರ್ ಮಂಜಿಲ್‌ನ ಕಟ್ಟೆ ಮೇಲೆ ನಾನೂ ನಿಂತಿದ್ದೇನೆ ಎಂದು ಆಗ ಅನ್ನಿಸಿತು.

ಜೆಸಿಬಿ ಬರುವ ಹಿಂದಿನ ಸಂಜೆ ಕಾಕಾನನ್ನು ಕರೆದುಕೊಂಡು ದಿನ್ನೆಗೆ ಹೋದೆ. ಅವನು ಅದರ ಸುತ್ತ ಒಂದು ಸಲ ಬಂದ. ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಇಳಿಜಾರು ನೋಡಿದ. ಕೈಯಲ್ಲಿದ್ದ ಬಾಟಲಿಯ ನೀರನ್ನು ನೆತ್ತಿಯ ಮೇಲೆ ಮೆಲ್ಲಗೆ ಸುರಿದ. ಅದು ನಾವು ಅಂದುಕೊಂಡ ಕಡೆ ಹರಿಯಲಿಲ್ಲ; ಜಾಲಿಯ ಬುಡದವರೆಗೆ ಬಂದು, ತಡೆದು, ಎಡಕ್ಕೆ ತಿರುಗಿತು.

“ಇಲ್ಲಿ ಇಡ್ತಿದ್ರು ನೋಡು ಗುಂಡಿ” ಎಂದ ಕಾಕಾ, ನೀರು ತಿರುಗಿದ ಜಾಗಕ್ಕೆ ಬೆರಳಿಟ್ಟು.