ಕೆಂಪು ಬೈಕಿನ ಸುಳಿ

ನಮ್ಮ ಕಡೆ ಎತ್ತು ಕೊಳ್ಳುವವರು ಮೊದಲು ಹಲ್ಲು ನೋಡುತ್ತಾರೆ, ಆಮೇಲೆ ಸುಳಿ ನೋಡುತ್ತಾರೆ. ಹಲ್ಲು ನೋಡಿದರೆ ವಯಸ್ಸು ಗೊತ್ತಾಗುತ್ತದೆ, ಅದು ಲೆಕ್ಕದ ಮಾತು. ಸುಳಿ ನೋಡಿದರೆ ಏನು ಗೊತ್ತಾಗುತ್ತದೆ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ಆದರೆ ಸುಳಿ ಸರಿಯಿಲ್ಲ ಎಂದು ಯಾರಾದರೂ ಒಬ್ಬ ಅಂದುಬಿಟ್ಟರೆ ಸಾಕು, ಟವೆಲ್ಲಿನ ಕೆಳಗೆ ದಲ್ಲಾಳಿಯ ಬೆರಳುಗಳು ಕಡಿಮೆಯಾಗಿಬಿಡುತ್ತವೆ. ಕೈಯಲ್ಲಿ ಹೆಚ್ಚು ದುಡ್ಡಿಲ್ಲದ ರೈತ ಅಂಥದ್ದನ್ನೇ ಹೊಡೆದುಕೊಂಡು ಬಂದು ಹತ್ತು ವರ್ಷ ಉಳುವುದೂ ಉಂಟು.

ಇದು ನೆನಪಾದದ್ದು ಇಟಲಿಯ ಹಳೆಯ ರೇಸು ಬೈಕುಗಳ ಬಗ್ಗೆ ಇಂಗ್ಲಿಷಿನವರು ಬರೆದಿರುವುದನ್ನು ಓದುವಾಗ. ಮಕ್ಕಳಿಗೆ ಸಂಧಿ ಸಮಾಸ ಹೇಳುವ ನನಗೆ ಇದನ್ನೆಲ್ಲ ಓದುವ ಪ್ರಾರಬ್ಧ ಏಕೆ ಬಂತೆಂದರೆ, ಇಂಗ್ಲೆಂಡಿನಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗಳಿಂದ. ಅವಳಿಗೆ ಮೂವತ್ತು ತುಂಬಿದೆ, ಅಲ್ಲಿಯ ಬೈಕ್ ಲೈಸೆನ್ಸು ಪೂರ್ತಿಯಾಗಿ ಪಾಸು ಮಾಡಿದ್ದಾಳೆ, ಕೈಯಲ್ಲಿ ನಾಲ್ಕು ಸಾವಿರ ಪೌಂಡು ಕೂಡಿಸಿಟ್ಟಿದ್ದಾಳೆ. ಅದರೊಳಗೆ ಒಂದು ಇಟಾಲಿಯನ್ ಬೈಕು ಬೇಕು. ಅಕ್ಕ ಈ ವಿಷಯ ಕೇಳಿದ ದಿನ ಊಟ ಮಾಡಲಿಲ್ಲ. ಹುಡುಗಿ ನನಗೆ ಫೋನು ಮಾಡಿ, “ಚಿಕ್ಕಮ್ಮಾ, ನೀವು ಯಾವ ಪುಸ್ತಕ ಕೊಟ್ಟರೂ ಅದರಲ್ಲಿ ಸುಳ್ಳು ಎಲ್ಲಿದೆ ಅಂತ ಹೇಳ್ತೀರಲ್ಲ, ಈ ಜಾಹೀರಾತುಗಳನ್ನ ಓದಿ ಹೇಳಿ” ಅಂದಳು. ನಾನು ಓಡಿಸಿದ್ದು ಸ್ಕೂಟಿ ಮಾತ್ರ. ಆದರೆ ಓದುವುದಕ್ಕೇನು, ಓದಿದೆ. ಓದುತ್ತ ಓದುತ್ತ ನನಗೆ ಬೈಕಿಗಿಂತ ಹೆಚ್ಚಾಗಿ ಬೈಕಿನ ಬಗೆಗಿನ ಬರವಣಿಗೆಯ ಮೇಲೆ ಸಿಟ್ಟು ಬಂತು. ಆ ಸಿಟ್ಟಿನ ಕಾರಣವನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಈ ಬರವಣಿಗೆಯಲ್ಲಿ ಜಪಾನಿನ ಬೈಕು ಯಂತ್ರ, ಇಟಲಿಯ ಬೈಕು ಹೆಂಗಸು. ಅವಳು ಚೆಲುವೆ, ಅವಳಿಗೆ ಮುನಿಸು ಹೆಚ್ಚು, ಅವಳನ್ನು ಒಲಿಸಿಕೊಳ್ಳಬೇಕು, ಒಲಿದರೆ ಸ್ವರ್ಗ. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಅದು ಅವಳ ‘ವ್ಯಕ್ತಿತ್ವ’. ದಾರಿಯಲ್ಲಿ ನಿಂತರೆ ಅದು ಅವಳ ‘ಹುಡುಗಾಟ’. ಗಂಡಸರು ಗಂಡಸರಿಗಾಗಿ ಬರೆದ ಮಾತು ಎಂದು ಬಿಟ್ಟುಬಿಡಬಹುದಿತ್ತು. ಬಿಡಲಾಗದ್ದಕ್ಕೆ ಕಾರಣವೆಂದರೆ ಈ ಮಾತು ಕೇವಲ ಅಲಂಕಾರವಲ್ಲ, ಅದು ಒಂದು ಕೆಲಸ ಮಾಡುತ್ತದೆ. ಏನು ಕೆಲಸ ಎನ್ನುವುದು ಇಂಜಿನ್ನಿನ ಒಳಗೆ ಸ್ವಲ್ಪ ಇಣುಕಿದರೆ ತಿಳಿಯುತ್ತದೆ. ಹೆದರಬೇಡಿ, ಅಡುಗೆಮನೆಯಷ್ಟೇ ಸುಲಭ.

ಡುಕಾಟಿ ಎಂಬ ಕಂಪನಿ ಬೊಲೊನ್ಯ ಊರಿನದು. 1926ರಲ್ಲಿ ರೇಡಿಯೋ ಬಿಡಿಭಾಗ ಮಾಡುವುದಕ್ಕೆ ಶುರುವಾದದ್ದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈಕಲ್ಲಿಗೆ ಕಟ್ಟುವ ಒಂದು ಪುಟ್ಟ ಇಂಜಿನ್ ಮಾಡಿತು. ಅದರ ಹೆಸರು ಕುಚೊಲೊ, ಎಂದರೆ ನಾಯಿಮರಿ. 1954ರಲ್ಲಿ ಫಾಬಿಯೊ ತಾಲಿಯೋನಿ ಎಂಬ ಇಂಜಿನಿಯರ್ ಅಲ್ಲಿಗೆ ಬಂದ. ಎಲ್ಲ ಇಂಜಿನ್ನುಗಳಲ್ಲಿಯೂ ಗಾಳಿ ಪೆಟ್ರೋಲು ಒಳಗೆ ಬರಲು, ಹೊಗೆ ಹೊರಗೆ ಹೋಗಲು ವಾಲ್ವುಗಳೆಂಬ ಬಾಗಿಲುಗಳಿರುತ್ತವೆ. ಸಾಮಾನ್ಯ ಇಂಜಿನ್ನಿನಲ್ಲಿ ಬಾಗಿಲನ್ನು ಒಂದು ಕೈ ತಳ್ಳಿ ತೆರೆಯುತ್ತದೆ. ಹೋಟೆಲಿನ ಅಡುಗೆಮನೆಯ ಬಾಗಿಲಿನ ಹಾಗೆ ಸ್ಪ್ರಿಂಗು ಅದನ್ನು ತಾನೇ ಮುಚ್ಚುತ್ತದೆ. ಬಹಳ ವೇಗದಲ್ಲಿ ಸ್ಪ್ರಿಂಗು ಹಿಂದೆ ಬೀಳುತ್ತದೆಂದು ತಾಲಿಯೋನಿ ಮುಚ್ಚುವುದಕ್ಕೂ ಒಂದು ಕೈ ಇಟ್ಟ. ತೆರೆಯಲು ಒಬ್ಬ ಆಳು, ಮುಚ್ಚಲು ಒಬ್ಬ ಆಳು. ಇದಕ್ಕೆ ಡೆಸ್ಮೊ ಎನ್ನುತ್ತಾರೆ. ಮೊದಲು ರೇಸಿನಲ್ಲಿ, 1968ರಿಂದ ರಸ್ತೆಯ ಬೈಕಿನಲ್ಲಿ ಬಂತು.

ಇಬ್ಬರು ಆಳುಗಳೆಂದರೆ ಇಬ್ಬರ ಲೆಕ್ಕವನ್ನೂ ನೋಡಬೇಕಲ್ಲ. ಎರಡು ಸಿಲಿಂಡರು, ಒಂದೊಂದಕ್ಕೆ ನಾಲ್ಕು ವಾಲ್ವು, ಒಟ್ಟು ಎಂಟು. ಒಂದೊಂದು ವಾಲ್ವಿಗೆ ತೆರೆಯುವ ಕಡೆ ಒಂದು ಸಂದು, ಮುಚ್ಚುವ ಕಡೆ ಒಂದು ಸಂದು. ಹದಿನಾರು ಅಳತೆ. ಸಿಲಿಂಡರಿಗೆ ಎರಡೇ ವಾಲ್ವು ಇರುವ ಮಾದರಿಯಲ್ಲಿ ಎಂಟು. ಇಷ್ಟನ್ನೂ ಗೊತ್ತಾದ ಮೈಲಿಗೊಮ್ಮೆ ತಿಳಿದವರಿಂದ ಅಳೆಸಬೇಕು, ದುಡ್ಡು ಕೊಡಬೇಕು. ಇನ್ನೊಂದು ವಿಷಯ ಬೆಲ್ಟಿನದು. ಈ ಬಾಗಿಲುಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ಆಡಿಸುವುದು ಎರಡು ರಬ್ಬರ್ ಬೆಲ್ಟುಗಳು. ಹಿಟ್ಟಿನ ಗಿರಣಿಯ ಬೆಲ್ಟು ಹರಿದರೆ ಗಿರಣಿ ನಿಲ್ಲುತ್ತದೆ, ಅಷ್ಟೆ. ಇಲ್ಲಿ ಹರಿದರೆ ಒಳಗಿನ ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿದು ಬಗ್ಗುತ್ತದೆ, ಇಂಜಿನ್ನೇ ಹೋಗುತ್ತದೆ. ಆ ಕಾಲದ ಮಾದರಿಗಳಿಗೆ ಎರಡು ವರ್ಷಕ್ಕೊಮ್ಮೆ ಬೆಲ್ಟು ಬದಲಿಸಿ ಎಂಬುದು ರೂಢಿಯ ಸಲಹೆ. ಓಡಿಸಿದರೂ ಸರಿ, ಓಡಿಸದಿದ್ದರೂ ಸರಿ. ಕುಕ್ಕರಿನ ಗ್ಯಾಸ್ಕೆಟ್ಟು ಕಪಾಟಿನಲ್ಲಿಟ್ಟರೂ ಗಡುಸಾಗುವುದಿಲ್ಲವೆ, ಹಾಗೆ.

ಈಗ ಆ ‘ಮುನಿಸು’ ಎಂಬ ಮಾತಿಗೆ ಬನ್ನಿ. ಐದು ವರ್ಷ ಬೆಲ್ಟು ಬದಲಿಸದೆ, ವಾಲ್ವಿನ ಸಂದು ನೋಡಿಸದೆ, ಶೆಡ್ಡಿನಲ್ಲಿ ನಿಲ್ಲಿಸಿ ಬ್ಯಾಟರಿ ಸಾಯಿಸಿ, ಆಮೇಲೆ ಅವಳಿಗೆ ಮುನಿಸು ಎಂದರೆ? ಅದು ಮುನಿಸಲ್ಲ, ಅಲಕ್ಷ್ಯದ ಫಲ. ಯಜಮಾನ ಮಾಡದ ಕೆಲಸವನ್ನು ಅವಳ ಸ್ವಭಾವ ಎಂದು ಹೆಸರಿಟ್ಟು ತೇಲಿಸಿಬಿಡುವುದೇ ಈ ರೂಪಕದ ಕೆಲಸ. ಇಂಥ ರೂಪಕ ನಮ್ಮ ಮನೆಗಳಲ್ಲಿಯೂ ಚಾಲ್ತಿಯಲ್ಲಿದೆ ಎಂದು ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಇದೇ ಇಂಜಿನ್ನಿಗೆ ಕಾಲಕಾಲಕ್ಕೆ ಎಣ್ಣೆ, ಬೆಲ್ಟು, ಅಳತೆ ಮಾಡಿಸಿದವರು ಮೂವತ್ತು ನಲವತ್ತು ಸಾವಿರ ಮೈಲಿ ಓಡಿಸಿದ್ದನ್ನು ಬಿಲ್ಲುಗಳೇ ಹೇಳುತ್ತವೆ. ಆದರೆ ಬಿಲ್ಲಿನ ಬಗ್ಗೆ ಯಾರೂ ಕಾವ್ಯಮಯವಾಗಿ ಬರೆಯುವುದಿಲ್ಲ.

ಹಾಗೆಂದು ಚೆಲುವೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. 1994ರಲ್ಲಿ ಬಂದ 916 ಎಂಬ ಡುಕಾಟಿಯ ಚಿತ್ರ ನೋಡಿದಾಗ ನನ್ನಂಥವಳಿಗೂ ಕಣ್ಣು ಕೀಳಲಾಗಲಿಲ್ಲ. ಮಾಸ್ಸಿಮೊ ತಂಬುರಿನಿ ರೂಪಿಸಿದ್ದು. ಮುಂದೆ ಅರೆಮುಚ್ಚಿದ ಕಣ್ಣಿನಂಥ ಎರಡು ದೀಪ. ಹೊಗೆ ಕೊಳವೆಗಳೆರಡೂ ಸೀಟಿನ ಕೆಳಗೆ ಅಡಗಿವೆ. ಹಿಂದಿನ ಚಕ್ರವನ್ನು ಒಂದೇ ಪಕ್ಕದ ತೋಳು ಹಿಡಿದಿರುವುದರಿಂದ ಇನ್ನೊಂದು ಪಕ್ಕದಿಂದ ಚಕ್ರ ಪೂರ್ತಿ ಬಯಲಾಗಿ ಕಾಣುತ್ತದೆ. ಎಲ್ಲಿಯೂ ಒಂದು ಗೆರೆ ಹೆಚ್ಚಿಲ್ಲ. ಇದನ್ನು ಹೊಗಳಿದವರು ಸರಿಯಾಗಿಯೇ ಹೊಗಳಿದ್ದಾರೆ. ಹೊಗಳಿಕೆಯ ಫಲವಾಗಿ ಅದು ಈಗ ಸಂಗ್ರಹಕಾರರ ಕೈ ಸೇರಿದೆ, ನಮ್ಮ ಹುಡುಗಿಯ ನಾಲ್ಕು ಸಾವಿರ ಅದರ ಹತ್ತಿರವೂ ಸುಳಿಯುವುದಿಲ್ಲ.

ನನಗೆ ಕುತೂಹಲ ಹುಟ್ಟಿಸಿದ್ದು ಅದರ ವಂಶದಲ್ಲಿ ಮುಂದೆ ಬಂದ ಕೂಸಿನ ಕಥೆ. 916ರ ಸಾಲು ಮುಗಿದ ಮೇಲೆ 2003ರ ಮಾದರಿಯಾಗಿ 999 ಬಂತು. ರೂಪಿಸಿದವನು ದಕ್ಷಿಣ ಆಫ್ರಿಕಾದ ಪಿಯರ್ ಟೆರ್‌ಬ್ಲಾಂಚ್. ಅವನು ದೀಪಗಳನ್ನು ಪಕ್ಕಪಕ್ಕದಲ್ಲಿಡದೆ ಒಂದರ ಮೇಲೊಂದು ಇಟ್ಟ, ಒಂಟಿ ತೋಳಿನ ಬದಲು ಎರಡು ತೋಳು ಹಾಕಿದ. ಅಭಿಮಾನಿಗಳು ಕೂಗೆಬ್ಬಿಸಿದರು. ಕುರೂಪಿ ಎಂಬ ಹೆಸರು ಅಂಟಿತು. ಅದೇ ಕುರೂಪಿಯ ಮೇಲೆ ಕೂತು 2003ರಲ್ಲಿ ನೀಲ್ ಹಾಡ್ಜ್‌ಸನ್, 2004ರಲ್ಲಿ ಜೇಮ್ಸ್ ಟೋಸ್‌ಲ್ಯಾಂಡ್, 2006ರಲ್ಲಿ ಟ್ರಾಯ್ ಬೇಲಿಸ್ ವಿಶ್ವ ಸೂಪರ್‌ಬೈಕ್ ಪಟ್ಟ ಗೆದ್ದರು. ಗೆದ್ದರೂ ಸುಳಿ ಸರಿಹೋಗಲಿಲ್ಲ. 2007ರಲ್ಲಿ ಕಂಪನಿ 1098 ಎಂಬ ಹೊಸದನ್ನು ತಂದು, ದೀಪಗಳನ್ನು ಮತ್ತೆ ಪಕ್ಕಪಕ್ಕಕ್ಕೆ ಇಟ್ಟು, ಒಂಟಿ ತೋಳನ್ನು ಮರಳಿ ತಂದು ಅಭಿಮಾನಿಗಳ ಕ್ಷಮೆ ಕೇಳಿದಂತೆ ಮಾಡಿತು.

ನಾನು 999ರ ಚಿತ್ರವನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ದಿನ ನೋಡಿದೆ. ಮುಖ ವಿಚಿತ್ರವೇ, ಸುಳ್ಳು ಹೇಳಲಾರೆ. ಆದರೆ ವಿಚಿತ್ರ ಬೇರೆ, ಕುರೂಪ ಬೇರೆ. ಒಂಟಿ ಸೀಟಿನ ಮಾದರಿಯಲ್ಲಿ ಕೂರುವವರ ಅಳತೆಗೆ ತಕ್ಕಂತೆ ಸೀಟು, ಕಾಲಿಡುವ ಜಾಗ ಹಿಂದೆ ಮುಂದೆ ಮಾಡಿಕೊಳ್ಳಬಹುದಿತ್ತು. ಕೂರುವವರ ಬಗ್ಗೆ ಯೋಚಿಸಿ ಮಾಡಿದ ಗಾಡಿ ಅದು. ನೋಡುವವರು ಅದನ್ನು ಬೈದರು. ನಮ್ಮ ಕಾವ್ಯಮೀಮಾಂಸೆಯಲ್ಲಿ ಔಚಿತ್ಯ ಎಂಬ ಮಾತಿದೆ, ಕ್ಷೇಮೇಂದ್ರ ಅದರ ಮೇಲೆ ಒಂದು ಗ್ರಂಥವನ್ನೇ ಬರೆದ. ಒಡವೆ ಎಷ್ಟೇ ಚೆನ್ನಾಗಿದ್ದರೂ ತಕ್ಕ ಜಾಗದಲ್ಲಿಲ್ಲದಿದ್ದರೆ ನಗೆಪಾಟಲು. ಬೈಕಿನ ವಿಮರ್ಶಕರಿಗೆ ಅಲಂಕಾರ ಗೊತ್ತು, ಔಚಿತ್ಯ ಗೊತ್ತಿಲ್ಲ. ಹೆಣ್ಣು ನೋಡಲು ಬಂದವರು ಬಣ್ಣ ನೋಡಿ, ಕಾಗದ ಬರೆಯುತ್ತೇವೆ ಎಂದು ಹೇಳಿ ಹೋಗುವುದನ್ನು ನನ್ನ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಕಂಡ ನನಗೆ ಈ ಕೆಂಪು ಕೂಸಿನ ಮೇಲೆ ಸ್ವಲ್ಪ ಪಕ್ಷಪಾತ ಹುಟ್ಟಿದ್ದರೆ ಆಶ್ಚರ್ಯವೇನಿಲ್ಲ. ಅದಕ್ಕೆ 749 ಎಂಬ ತಂಗಿಯೂ ಉಂಟು. ಅದೇ ಮುಖ, ಸಣ್ಣ ಇಂಜಿನ್. ಬೈಗುಳದ ಪಾಲೂ ಅದೇ, ಆದ್ದರಿಂದ ಬೆಲೆ ಇನ್ನೂ ಕಡಿಮೆ.

ಬೇರೆಯವೂ ಇವೆ. ವೆನಿಸ್ ಹತ್ತಿರದ ನೊವಾಲೆಯ ಎಪ್ರಿಲಿಯಾ ಕಂಪನಿಯ ಮಿಲ್ಲೆ 1998ರಲ್ಲಿ ಬಂದದ್ದು; ಇಂಜಿನ್ ಆಸ್ಟ್ರಿಯಾದ ರೋಟಾಕ್ಸ್‌ನದು, ರಬ್ಬರ್ ಬೆಲ್ಟಿನ ತಕರಾರಿಲ್ಲ. ಗಟ್ಟಿ ಸಂಸಾರಸ್ಥ, ಆದರೆ ದೊಡ್ಡ ಆಳಿನ ಗಾಡಿ, ನಮ್ಮ ಹುಡುಗಿ ಐದಡಿ ಎರಡಂಗುಲ. ಕೋಮೊ ಸರೋವರದ ದಂಡೆಯ ಮೋಟೊ ಗುಜ್ಜಿಯ ಇಂಜಿನ್ ಎರಡು ಪಕ್ಕಕ್ಕೂ ಮೊಣಕೈ ಚಾಚಿದಂತೆ ಹೊರಗೆ ನಿಂತಿರುತ್ತದೆ. ವಾಲ್ವಿನ ಸಂದನ್ನು ಮನೆಯಲ್ಲೇ ಕೂತು ಸರಿಮಾಡಿಕೊಳ್ಳಬಹುದು. ಚೈನಿಲ್ಲ, ಶಾಫ್ಟು. ಡುಕಾಟಿಯದೇ 1993ರ ಮಾನ್‌ಸ್ಟರ್ ಎಂಬುದು ಬೋಳು ಮೈಯದು, ಸೀಟು ತಗ್ಗು, ಸಣ್ಣ ಆಳಿಗೆ ಹೇಳಿ ಮಾಡಿಸಿದ್ದು. ನನ್ನನ್ನು ಕೇಳಿದರೆ ಅದೇ ಜಾಣತನದ ಆಯ್ಕೆ ಎಂದೆ. ಹುಡುಗಿ, “ಅದು ಎಲ್ಲರ ಹತ್ರಾನೂ ಇದೆ ಚಿಕ್ಕಮ್ಮಾ” ಅಂದಳು. ಬೇಡ ಎನ್ನಲು ಅದೂ ಒಂದು ಕಾರಣವೇ. ಸೀರೆ ಅಂಗಡಿಯಲ್ಲಿ ನಾನೂ ಹೇಳಿದ್ದೇನೆ.

ಕೊನೆಗೆ ಉಳಿದದ್ದು ಎರಡು 749. ಇಲ್ಲಿ ನನ್ನ ಕೆಲಸ ನಿಜವಾಗಿ ಶುರುವಾಯಿತು. ಮೊದಲನೆಯದರ ಜಾಹೀರಾತು ಬಹಳ ಸೊಗಸು. ಒಂಬತ್ತೇ ಸಾವಿರ ಮೈಲಿ ಓಡಿದೆ, ಸದಾ ಗ್ಯಾರೇಜಿನೊಳಗೆ, ಮಳೆ ಕಂಡಿಲ್ಲ, ಮನಸ್ಸಿಲ್ಲದೆ ಮಾರುತ್ತಿದ್ದೇನೆ. ಎರಡನೆಯದು ಒರಟು. ಇಪ್ಪತ್ತೊಂಬತ್ತು ಸಾವಿರ ಮೈಲಿ, ಬಲಗಡೆ ಗೀರು ಇದೆ, ಬಿಲ್ಲುಗಳಿವೆ, ಬಂದು ನೋಡಿ. ಭಾಷೆಯಲ್ಲಿ ಮೊದಲನೆಯವನು ಕವಿ, ಎರಡನೆಯವನು ಗುಮಾಸ್ತ.

ಆದರೆ ಬ್ರಿಟನ್ನಿನಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ಮೂರು ವರ್ಷ ತುಂಬಿದ ಗಾಡಿಯನ್ನು ಪ್ರತಿವರ್ಷ ಪರೀಕ್ಷೆಗೆ ಒಯ್ಯಬೇಕು, ಎಂಒಟಿ ಎನ್ನುತ್ತಾರೆ. 2005ರಿಂದೀಚಿನ ಫಲಿತಾಂಶವನ್ನು ಗಾಡಿಯ ನಂಬರು ಗೊತ್ತಿದ್ದ ಯಾರು ಬೇಕಾದರೂ ಸರ್ಕಾರದ ಕಡತದಲ್ಲಿ ಬಿಟ್ಟಿಯಾಗಿ ನೋಡಬಹುದು. ಯಾವ ವರ್ಷ ಎಷ್ಟು ಮೈಲಿ, ಯಾವುದರಲ್ಲಿ ಫೇಲು, ಯಾವುದರ ಮೇಲೆ ಎಚ್ಚರಿಕೆ, ಎಲ್ಲ. ನಾನು ಓದಿದ ಆತ್ಮಕಥೆಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಕಡಿಮೆ. ಮೊದಲನೆಯ ಗಾಡಿಯ ಕಡತದಲ್ಲಿ ನಡುವೆ ಆರು ವರ್ಷ ಖಾಲಿ. ಪರೀಕ್ಷೆಯೇ ಇಲ್ಲ. ಖಾಲಿ ಬಿಟ್ಟ ಜಾಗದಲ್ಲಿಯೇ ಕಥೆ ಇರುತ್ತದೆಂದು ಮಕ್ಕಳಿಗೆ ಹೇಳುತ್ತೇವಲ್ಲ, ಇದು ಹಾಗೆಯೇ. ಆರು ವರ್ಷ ನಿಂತ ಗಾಡಿಯ ಬೆಲ್ಟು ಏನಾಗಿರುತ್ತದೆ, ಟೈರು ಏನಾಗಿರುತ್ತದೆ? ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಎಂದರೆ 2014ರ ಇಪ್ಪತ್ಮೂರನೆಯ ವಾರ. ಇದೇ ಹಲ್ಲು ನೋಡುವುದು. ಫೋಟೋ ಕಳಿಸಿ ಎಂದು ಹುಡುಗಿ ಕೇಳಿದಳು, ಬೆಲ್ಟು ಯಾವಾಗ ಹಾಕಿಸಿದ್ದು ಎಂದೂ ಕೇಳಿದಳು. ಕವಿ ಉತ್ತರ ಬರೆಯಲಿಲ್ಲ.

ಎರಡನೆಯದರ ಕಡತದಲ್ಲಿ ಒಂದು ವರ್ಷವೂ ಖಾಲಿಯಿಲ್ಲ. ಒಮ್ಮೆ ಬ್ರೇಕಿನ ಪ್ಯಾಡಿಗೆ ಎಚ್ಚರಿಕೆ, ಮುಂದಿನ ವರ್ಷ ಅದು ಇಲ್ಲ. ಒಮ್ಮೆ ಚೈನು ಸಡಿಲ, ಮುಂದಿನ ವರ್ಷ ಇಲ್ಲ. ಹೇಳಿದ್ದನ್ನು ಕೇಳಿ ಮಾಡಿದ ಮನುಷ್ಯ ಎಂದು ಅಲ್ಲಿಯೇ ತಿಳಿಯಿತು. ಸಾಲ ಬಾಕಿ ಇದೆಯೇ, ಇನ್ಶೂರೆನ್ಸಿನವರು ಅಪಘಾತದ ಗಾಡಿ ಎಂದು ಬರೆದುಕೊಂಡಿದ್ದಾರೆಯೇ ಎಂಬುದನ್ನು ಕಾಸು ಕೊಟ್ಟು ವಿಚಾರಿಸಿದ್ದಾಯಿತು, ಏನೂ ಇಲ್ಲ. ಹೋಗಿ ನೋಡಿದಾಗ, ನಿಂತಲ್ಲೇ ಇಂಜಿನ್ ಓಡುತ್ತಿದ್ದರೆ ಡಬ್ಬಿಯಲ್ಲಿ ಚಮಚ ಹಾಕಿ ಅಲ್ಲಾಡಿಸಿದಂತೆ ಕ್ಲಚ್ಚು ಸದ್ದು ಮಾಡುತ್ತದೆ ಎಂದು ಗಾಬರಿಯಾಗಿ ಫೋನು ಮಾಡಿದಳು. ಅದು ಒಣ ಕ್ಲಚ್ಚು, ಎಣ್ಣೆಯಲ್ಲಿ ಮುಳುಗಿಲ್ಲದ್ದು, ಆ ಸದ್ದು ಅದಕ್ಕೆ ಸಹಜ ಎಂದು ನಾನು ಓದಿದ್ದನ್ನು ಹೇಳಿದೆ. ಪತ್ರಿಕೆಗಳಲ್ಲಿ ಅದನ್ನು ಸಂಗೀತ ಎಂದಿದ್ದಾರೆ. ಚಮಚ ಎಂಬ ಅವಳ ಉಪಮೆಯೇ ವಾಸಿ.

ನಾಲ್ಕು ಸಾವಿರದಲ್ಲಿ ಕಾಲು ಭಾಗವನ್ನು ಮೊದಲ ವರ್ಷದ ಬೆಲ್ಟಿಗೆ, ಆ ಹದಿನಾರು ಅಳತೆಗೆ ತೆಗೆದಿಡು, ಉಳಿದದ್ದರಲ್ಲಿ ಚೌಕಾಸಿ ಮಾಡು ಎಂದಿದ್ದೆ. ಗೀರಿನ ನೆಪದಲ್ಲಿ ಇನ್ನಷ್ಟು ಇಳಿಸಿಕೊಂಡು ಮೂರು ಸಾವಿರಕ್ಕೆ ಮುಗಿಸಿದ್ದಾಳೆ. ಮಾರಿದವನು ಬಿಲ್ಲುಗಳ ಫೈಲನ್ನು ದಾರ ಕಟ್ಟಿ ಕೊಟ್ಟನಂತೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ಹೆಲ್ಮೆಟ್ಟು, ಚರ್ಮದ ಜಾಕೆಟ್ಟು, ಬೂಟು ಬರುವ ತನಕ ಬೀಗದ ಕೈ ಮುಟ್ಟಬೇಡ ಎಂದಿದ್ದೇನೆ. ಮುಂದಿನ ತಿಂಗಳ ಸಂಬಳಕ್ಕೆ ಅವು ಬರುತ್ತವೆ.