‘ವಾಡಿಕೆ ಮಳೆ’ಯ ವ್ಯಾಕರಣ

2023ರ ಏಪ್ರಿಲ್ 11ರಂದು ಭಾರತೀಯ ಹವಾಮಾನ ಇಲಾಖೆಯು ಆ ವರ್ಷದ ಮುಂಗಾರಿನ ಮೊದಲ ಮುನ್ಸೂಚನೆಯನ್ನು ಪ್ರಕಟಿಸಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದಲ್ಲಿ ಬೀಳುವ ಮಳೆ ದೀರ್ಘಾವಧಿ ಸರಾಸರಿಯ, ಅಂದರೆ 87 ಸೆಂ.ಮೀ.ನ, ಶೇ 96ರಷ್ಟಿರಬಹುದು; ಅದು ಶೇ 5ರಷ್ಟು ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಶೇ 96ರಿಂದ 104ರವರೆಗಿನ ಮಳೆಯನ್ನು ಇಲಾಖೆ ‘ವಾಡಿಕೆ’ಯ ವರ್ಗಕ್ಕೆ ಸೇರಿಸುವುದರಿಂದ ಸುದ್ದಿಯು ‘ಈ ಬಾರಿ ವಾಡಿಕೆ ಮಳೆ’ ಎಂಬ ಅಚ್ಚಿನಲ್ಲಿ ಓದುಗರನ್ನು ತಲುಪಿತು. ಅದೇ ಪ್ರಕಟಣೆಯ ಕೋಷ್ಟಕವೊಂದು ಹೇಳುತ್ತಿದ್ದುದು ಬೇರೆ: ವಾಡಿಕೆ ಮಳೆಯ ಸಂಭವ ಶೇ 35, ವಾಡಿಕೆಗಿಂತ ಕಡಿಮೆ ಮಳೆಯದು ಶೇ 29, ಮಳೆ ಕೊರತೆಯದು ಶೇ 22. ಕೊನೆಯ ಎರಡನ್ನು ಕೂಡಿಸಿದರೆ ಶೇ 51.

ಋತುವಿನ ಕೊನೆಗೆ ಬಿದ್ದದ್ದು ಶೇ 94. ಇದು ಇಲಾಖೆ ಮುಂಚೆಯೇ ಹೇಳಿದ್ದ ಅಂತರದೊಳಗೇ ಇದೆ, ತಪ್ಪಿದ್ದು ತಲೆಬರಹ. ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಬರಕ್ಕೆ ಪತ್ರಿಕೆ ಕಾರಣವಲ್ಲ, ನಿಜ. ಆದರೆ ಬೀಜ ಕೊಳ್ಳುವ, ಸಾಲ ಎತ್ತುವ ನಿರ್ಧಾರಗಳು ಆಗುವ ತಿಂಗಳುಗಳಲ್ಲಿ ರೈತನಿಗೆ ಸಿಕ್ಕಿದ್ದು ಕೋಷ್ಟಕವಲ್ಲ, ಆ ಎರಡು ಪದ.

‘ವಾಡಿಕೆ’ ಎಂಬ ಪದವೇ ಇಲ್ಲಿ ತೊಡಕಿನದು. ಇಲಾಖೆಗೆ ಅದು ಇಡೀ ದೇಶದ ಸರಾಸರಿಗೆ ಸಂಬಂಧಿಸಿದ ಒಂದು ಸಂಖ್ಯಾವ್ಯಾಪ್ತಿ. ಓದುಗನ ಕಿವಿಗೆ, ತನ್ನ ಊರಿನಲ್ಲಿ ರೂಢಿಯಂತೆ, ಹೊತ್ತಿಗೆ ಸರಿಯಾಗಿ ಬರುವ ಮಳೆ. ‘ಸಾಧ್ಯತೆ’ಯನ್ನು ಸೇರಿಸಿದರೂ ಹೆಚ್ಚೇನೂ ಬದಲಾಗದು. ಕ್ರಿಯಾಪದವಿಲ್ಲದ ‘ಮಳೆ ಸಾಧ್ಯತೆ’ ಶೇ 35ಕ್ಕೂ ಸಲ್ಲುತ್ತದೆ, ಶೇ 90ಕ್ಕೂ ಸಲ್ಲುತ್ತದೆ. ತಲೆಬರಹದ ತುದಿಗೆ ‘: ಹವಾಮಾನ ಇಲಾಖೆ’ ಎಂದು ಅಂಟಿಸುವ ಕ್ರಮವೂ ಅಷ್ಟೇ. ಅದು ಆಡುಮಾತಿನ ‘ಅಂತೆ’ಯ ಹಾಗೆ ಮಾತಿನ ಮೂಲವನ್ನು ತೋರಿಸುತ್ತದೆ, ಖಚಿತತೆಯ ಮಟ್ಟವನ್ನಲ್ಲ. ‘ಅಂತೆ’ಯಲ್ಲಾದರೂ ಹೇಳುವವನು ಹೊಣೆಯಿಂದ ತುಸು ದೂರ ನಿಲ್ಲುವುದು ಕೇಳಿಸುತ್ತದೆ, ಇಲಾಖೆಯ ಹೆಸರು ಮಾತಿನ ತೂಕವನ್ನು ಹೆಚ್ಚಿಸುತ್ತದೆ. (ಕಳವಿನ ವರದಿಯಲ್ಲಿ ‘ಆರೋಪಿ’, ‘ಎನ್ನಲಾಗಿದೆ’ಗಳನ್ನು ಮರೆಯದ ಪತ್ರಿಕೆಗಳೇ ಇವು. ಮುಂಗಾರು ಯಾರ ಮೇಲೂ ಮಾನನಷ್ಟ ಮೊಕದ್ದಮೆ ಹೂಡುವುದಿಲ್ಲ.)

ಕನ್ನಡದಲ್ಲಿ ಇದಕ್ಕೆ ಸಾಮಗ್ರಿಯಿಲ್ಲವೆಂಬ ವಾದ ನಿಲ್ಲದು. ವ್ಯಾಕರಣಗಳು ಸಂಭಾವನಾರ್ಥಕವೆಂದು ಗುರುತಿಸುವ ‘ಬಂದೀತು’, ‘ಆದೀತು’ ರೂಪಗಳಿವೆ. ಸುದ್ದಿಭಾಷೆ ಅವುಗಳನ್ನು ಬಹುಮಟ್ಟಿಗೆ ಕೈಬಿಟ್ಟು ‘ಬಹುದು’ ಒಂದನ್ನೇ ಉಳಿಸಿಕೊಂಡಿದೆ. ಹಾಗೆಂದು ಅವನ್ನು ಮರಳಿ ತಂದರೆ ಸಾಲದು. ‘ಬಿದ್ದೀಯೆ, ಜೋಕೆ’ ಎಂಬಲ್ಲಿ ಈ ರೂಪ ಎಚ್ಚರಿಕೆಯ ದನಿಯನ್ನೂ ಹೊರುತ್ತದೆ. ಸಂಭವದ ಪ್ರಮಾಣವನ್ನು ಅದೂ ತಿಳಿಸದು. ಪ್ರಮಾಣಕ್ಕೆ ಅಂಕಿಯೇ ಬೇಕು. ‘ಕಡಿಮೆ ಮಳೆ ಸಂಭವ ಶೇ 51, ವಾಡಿಕೆ ಮಳೆ ಶೇ 35’ ಎಂಬ ತಲೆಬರಹ ಒಂದೇ ಸಾಲಿನಲ್ಲಿ ಹಿಡಿಸುತ್ತದೆ.