ಸೂತ್ರವೂ ಸಂದೇಶವೂ

ಮೊಬೈಲಿನ ಕಿರುಸಂದೇಶಗಳು ಭಾಷೆಯನ್ನೂ ವಿಚಾರವನ್ನೂ ಕೆಡಿಸಿದವೆಂಬ ಮಾತನ್ನು ನಮ್ಮ ಸಭೆಗಳಲ್ಲಿ ಪದೇ ಪದೇ ಕೇಳುತ್ತೇವೆ. ಸೂತ್ರಗಳನ್ನು ಕಂಠಪಾಠ ಮಾಡಿ ಬೆಳೆದ ನಮಗೆ ಈ ಆಕ್ಷೇಪ ಅಷ್ಟಾಗಿ ಒಪ್ಪುವುದಿಲ್ಲ. ತತ್ತ್ವಾರ್ಥಸೂತ್ರವು ದಿಗಂಬರ ಪಾಠದಲ್ಲಿ 10 ಅಧ್ಯಾಯಗಳ 357 ಸೂತ್ರಗಳಷ್ಟೇ. ಟ್ವಿಟರ್ ತನ್ನ ಮೊದಲ ವರ್ಷಗಳಲ್ಲಿ ವಿಧಿಸಿದ್ದ 140 ಅಕ್ಷರಗಳ ಮಿತಿಯೊಳಗೆ ಅವುಗಳಲ್ಲಿ ಹೆಚ್ಚಿನವು ಅಡಗುತ್ತವೆ. (ನಮ್ಮ ಒಂದು ಒತ್ತಕ್ಷರವನ್ನು ಯಂತ್ರವು ಮೂರಾಗಿ ಎಣಿಸಿದರೂ!)

ಆದರೆ ಉಮಾಸ್ವಾತಿಯವರ ಸೂತ್ರ ಒಂಟಿಯಾಗಿ ಉಳಿಯಲಿಲ್ಲ. ಅದರ ಹಿಂದೆಯೇ ಪೂಜ್ಯಪಾದರ ಸರ್ವಾರ್ಥಸಿದ್ಧಿ, ಅಕಲಂಕರ ರಾಜವಾರ್ತಿಕ, ವಿದ್ಯಾನಂದರ ಶ್ಲೋಕವಾರ್ತಿಕಗಳು ಬಂದವು. ಒಂದೊಂದು ಪದ ಅಲ್ಲೇಕೆ ಬಂತೆಂದು ಕೇಳಿ, ಎದುರಾಳಿಯ ಆಕ್ಷೇಪವನ್ನು ತಾವೇ ಎತ್ತಿ, ನಿಧಾನವಾಗಿ ಸಮಾಧಾನ ಹೇಳುವ ಬರಹ ಅದು. ಸೂತ್ರ ನೆನಪಿಗೆ, ವೃತ್ತಿ ವಿಚಾರಕ್ಕೆ.

ವ್ಯಾಪಾರದಲ್ಲಿಯೂ ಇದೇ ಕ್ರಮವಿತ್ತು. ನಮ್ಮ ತಂದೆಯವರ ಅಂಗಡಿಯಿಂದ ತಂತಿ ಕಳುಹಿಸುವಾಗ ಪದಕ್ಕಿಷ್ಟೆಂದು ಹಣ ತೆರಬೇಕಾಗಿತ್ತು. ಆದರೂ ಕೊನೆಯಲ್ಲಿ ‘ವಿವರ ಪತ್ರದಲ್ಲಿ’ ಎಂದು ಸೇರಿಸುತ್ತಿದ್ದರು, ಪತ್ರವನ್ನು ಅದೇ ದಿನ ಅಂಚೆಗೆ ಹಾಕುತ್ತಿದ್ದರು. 2013ರ ಜುಲೈನಲ್ಲಿ ತಂತಿ ಸೇವೆ ನಿಂತಿತು. ಆ ಪತ್ರ ಬರೆಯುವ ರೂಢಿಯಂತೂ ಅದಕ್ಕೂ ಬಹಳ ಮೊದಲೇ ನಿಂತಿತ್ತು. 2017ರಲ್ಲಿ ಟ್ವಿಟರಿನ ಮಿತಿಯನ್ನು 280ಕ್ಕೆ ಏರಿಸಿದರು. ಇಮ್ಮಡಿಯಾದ ಮಾತ್ರಕ್ಕೆ ಸಂದೇಶ ಪತ್ರವಾಗಲಿಲ್ಲ.

ಮಾತನ್ನು ಮೊಟಕುಗೊಳಿಸುವಾಗ ಮೊದಲು ಬಿದ್ದುಹೋಗುವ ಪದ ಯಾವುದು? ‘ಸ್ಯಾತ್’. ಯಾವ ಅಪೇಕ್ಷೆಯಿಂದ, ಎಷ್ಟರ ಮಟ್ಟಿಗೆ ಎಂಬ ಅಂಶ. ಅದು ಹೋದರೆ ಉಳಿಯುವುದು ಏಕಾಂತ. ಇದನ್ನು ಗ್ರಂಥದಿಂದಲ್ಲ, ನನ್ನ ತಪ್ಪಿನಿಂದ ಕಲಿತೆ. ನಾನು ಸದಸ್ಯನಾಗಿದ್ದ ಒಂದು ಟ್ರಸ್ಟಿನ ಲೆಕ್ಕವನ್ನು ನೋಡುವಾಗ, ಕಟ್ಟಡ ನಿಧಿಯ ಎರಡು ರಸೀದಿಗಳು ಪೂಜಾ ನಿಧಿಯ ಖಾತೆಗೆ ಸೇರಿದ್ದುದು ಕಂಡಿತು. ಒಟ್ಟು ಮೊತ್ತದಲ್ಲಿ ಒಂದು ರೂಪಾಯಿಯೂ ಕಡಿಮೆಯಿರಲಿಲ್ಲ. ವಾಟ್ಸಾಪ್ ಬಳಗದಲ್ಲಿ ನಾನು ಬರೆದದ್ದು ಎರಡೇ ಪದ: ‘ಲೆಕ್ಕ ತಾಳೆಯಾಗುತ್ತಿಲ್ಲ.’ ಸಂಜೆಯೊಳಗೆ ಆ ಎರಡು ಪದಗಳು ಊರಿನ ಮನೆಮನೆಗೂ ಮುಟ್ಟಿದ್ದವು. ಮಾರನೆಯ ಬೆಳಿಗ್ಗೆ ಕೋಶಾಧ್ಯಕ್ಷರು ಬೀಗದ ಕೈಗಳನ್ನು ತಂದೊಪ್ಪಿಸಿದರು. ಮೂವತ್ತು ವರ್ಷಗಳಿಂದ ಬಲ್ಲ ಮನುಷ್ಯ, ನನ್ನ ಮುಖ ನೋಡಲಿಲ್ಲ.

ಸುಳ್ಳು ಹೇಳಿದೆನೇ? ಇಲ್ಲ. ಬಿ.ಕಾಂ. ಓದಿದವನ ದೃಷ್ಟಿಯಿಂದ ವಾಕ್ಯ ನಿರ್ದುಷ್ಟವೇ. ಆದರೆ ಭಾಷಾ ಸಮಿತಿಯ ದೃಷ್ಟಿಯಿಂದ ಅದು ಅರ್ಧ ವಾಕ್ಯ. ಪ್ರವಚನದ ವೇಳೆ, ಮರಣವಾರ್ತೆ, ರಕ್ತದಾನದ ಕರೆ, ಇವುಗಳಿಗೆ ಕಿರುಸಂದೇಶಕ್ಕಿಂತ ಒಳ್ಳೆಯ ಸಾಧನವಿಲ್ಲ. ಒಬ್ಬರ ನಡತೆಯನ್ನು ಮುಟ್ಟುವ ಮಾತಿಗೆ ಅದು ಸಾಲದು.

ಆಮೇಲೆ ಎರಡು ಪುಟಗಳ ಪತ್ರ ಬರೆದು ಪ್ರತಿಗಳನ್ನು ಹಂಚಿದೆ. ಸಂದೇಶವನ್ನು ಓದಿದವರಲ್ಲಿ ಬಹಳ ಜನ ಅದನ್ನು ಓದಲೇ ಇಲ್ಲ. ಕೋಶಾಧ್ಯಕ್ಷರಿಗೆ ಮಾತ್ರ ಕೈಯಾರೆ ಕೊಟ್ಟೆ. ಜಗುಲಿಯ ಮೇಲೆ ಕುಳಿತು ಪೂರ್ತಿ ಓದಿದರು, ಒಂದು ರಸೀದಿಯ ಸಂಖ್ಯೆಯನ್ನು ತಿದ್ದಿದರು, ಕಾಫಿ ತರಿಸಿದರು. ಹುದ್ದೆಗೆ ಮರಳಲಿಲ್ಲ.